ಶ್ವೇತವಸ್ತ್ರದ ಹಿಮವೀರ ಹೆಡ್‌ಲುಂಡ್

ಸ್ವೀಡನ್‌ನ ಸೆರ್ನಾದಲ್ಲಿ 1897ರಲ್ಲಿ ಜನಿಸಿದ ಪರ್ ಎರಿಕ್ ಹೆಡ್‌ಲುಂಡ್ ಅವರದು ದೂರದ ಸ್ಕೀಯಿಂಗ್ ಸ್ಪರ್ಧೆಗಳಲ್ಲಿ ಅಜರಾಮರ ಹೆಸರು. 1928ರ ಸೇಂಟ್ ಮೊರಿಟ್ಜ್ ಒಲಿಂಪಿಕ್ಸ್‌ನ 50 ಕಿ.ಮೀ. ಸ್ಪರ್ಧೆಯ ದಿನ ತಾಪಮಾನ 25 ಡಿಗ್ರಿಗೆ ಏರಿ, ಹಿಮ ಕರಗಿ, ಹಲವರು ಅರ್ಧದಲ್ಲೇ ಕೈಚೆಲ್ಲಿದರು. ತಂಡದ ನೀಲಿ ಉಡುಪಿನ ಬದಲು ಬಿಳಿ ಧರಿಸಿದ್ದ ಹೆಡ್‌ಲುಂಡ್ 13 ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಸ್ವರ್ಣ ಗೆದ್ದರು. ಮೂರೂ ಪದಕಗಳು ಸ್ವೀಡನ್ ಪಾಲಾದವು. ಮುಂದೆ ದಶಕಗಳ ಕಾಲ ಬಿಳಿಯೇ ಆ ದೇಶದ ಸ್ಕೀ ತಂಡದ ಉಡುಪಾಗಿತ್ತು ಎಂಬುದು ವಿಶೇಷ.

ಅದೇ ವರ್ಷ ಸುಮಾರು 90 ಕಿ.ಮೀ. ದೂರದ ವಾಸಾಲೋಪೆಟ್ ಸ್ಪರ್ಧೆಯಲ್ಲಿ ಅವರು ಹಾಗೂ ಸ್ವೆನ್ ಉಟ್ಟರ್‌ಸ್ಟ್ರೋಮ್ ಜೊತೆಯಾಗಿ ಗುರಿ ಮುಟ್ಟಿದರು. ತೀರ್ಪುಗಾರರು ಹೆಡ್‌ಲುಂಡ್ ಅವರನ್ನೇ ವಿಜೇತರೆಂದು ಘೋಷಿಸಿದರು. ಅವರು ಅದನ್ನೊಪ್ಪದೆ ಪದಕವನ್ನು ಗೆಳೆಯನೊಡನೆ ಹಂಚಿಕೊಂಡರು. 1933ರ ವಿಶ್ವ ಚಾಂಪಿಯನ್‌ಷಿಪ್‌ನ ರಿಲೇಯಲ್ಲಿ ಇಬ್ಬರೂ ಒಂದೇ ತಂಡದಲ್ಲಿದ್ದು ಸ್ವರ್ಣ ಗೆದ್ದರು. ಹೆಡ್‌ಲುಂಡ್ 1975ರಲ್ಲಿ ನಿಧನರಾದರು.