ಕ್ಷ-ಕಿರಣಗಳ ಜನಕ ರಾಂಟ್ಜನ್

ಶಾಲೆಯಿಂದ ಹೊರಹಾಕಲ್ಪಟ್ಟ ಬಾಲಕನೊಬ್ಬನು ಲೋಕೋಪಕಾರಿಯಾದ ಕಥೆಯನ್ನು ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜನ್ ಅವರು 1845ರ ಮಾರ್ಚ್ 27ರಂದು ಜರ್ಮನಿಯ ಲೆನೆಪ್ ಎಂಬ ಊರಿನಲ್ಲಿ ಬಟ್ಟೆ ವ್ಯಾಪಾರಿಯ ಏಕಮಾತ್ರ ಪುತ್ರರಾಗಿ ಜನಿಸಿದರು. ಬಾಲ್ಯವನ್ನು ಹಾಲೆಂಡಿನಲ್ಲಿ ಕಳೆದರು. ಉಟ್ರೆಕ್ಟ್ ನಗರದ ಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬನು ಗುರುಗಳ ವ್ಯಂಗ್ಯಚಿತ್ರ ಬಿಡಿಸಿದನು. ಅವನ ಹೆಸರನ್ನು ಹೇಳಲೊಪ್ಪದ ರಾಂಟ್ಜನ್ನರೇ ಶಿಕ್ಷೆಗೆ ಗುರಿಯಾಗಿ ಶಾಲೆಯಿಂದ ಹೊರಬಿದ್ದರು. ಪ್ರಮಾಣಪತ್ರವಿಲ್ಲದ್ದರಿಂದ ಅಲ್ಲಿ ಮುಂದಿನ ವಿದ್ಯಾಭ್ಯಾಸದ ಬಾಗಿಲು ಮುಚ್ಚಿತು. ಆದರೂ ಎದೆಗುಂದದೆ 1865ರಲ್ಲಿ ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದರು. 1869ರಲ್ಲಿ ಅದೇ ನಗರದಲ್ಲಿ ಡಾಕ್ಟರೇಟ್ ಪಡೆದರು.

1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕತ್ತಲೆ ಕೋಣೆಯಲ್ಲಿ, ಕಪ್ಪು ಕಾಗದ ಹೊದಿಸಿದ ವಿದ್ಯುತ್ ಕೊಳವೆಯೊಡನೆ ಪ್ರಯೋಗನಿರತರಾಗಿದ್ದಾಗ, ದೂರದ ರಾಸಾಯನಿಕ ಲೇಪಿತ ಪರದೆಯು ಮಿನುಗಿತು. ಆ ಕಾಣದ ಕಿರಣಗಳಿಗೆ ಗಣಿತದ ಅಜ್ಞಾತ ಸಂಖ್ಯೆಯ ಚಿಹ್ನೆಯನ್ನೇ ಹೆಸರಾಗಿಟ್ಟರು. ಪತ್ನಿ ಬರ್ತಾ ಅವರ ಕೈಯ ಎಲುಬುಗಳೂ ಬೆರಳಿನ ಉಂಗುರವೂ ಛಾಯಾಚಿತ್ರದಲ್ಲಿ ಮೂಡಿದವು. 1901ರಲ್ಲಿ ಭೌತಶಾಸ್ತ್ರದ ಪ್ರಪ್ರಥಮ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ಆ ಹಣವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಶೋಧವು ಸರ್ವರಿಗೂ ಸಲ್ಲಲೆಂದು ಪೇಟೆಂಟನ್ನೂ ಪಡೆಯಲಿಲ್ಲ.

1896ರಲ್ಲಿಯೇ ವೈದ್ಯರು ಈ ಕಿರಣಗಳನ್ನು ಕ್ಯಾನ್ಸರ್ ರೋಗದ ಮೇಲೆ ಪ್ರಯೋಗಿಸತೊಡಗಿದರು. ಆದರೆ ಗಡ್ಡೆಯನ್ನು ನಾಶಮಾಡುವ ಕಿರಣವು ದಾರಿಯಲ್ಲಿರುವ ನಿರೋಗಿ ಭಾಗಗಳನ್ನೂ ಬಾಧಿಸುತ್ತದೆ. ಆದುದರಿಂದ ಹಲವು ಕೋನಗಳಿಂದ ಮಿತ ಪ್ರಮಾಣದ ಕಿರಣಗಳನ್ನು ಹಾಯಿಸಿ, ಅವೆಲ್ಲವೂ ಗಡ್ಡೆಯಲ್ಲಿಯೇ ಸಂಧಿಸುವಂತೆ ಮಾಡುವ ಪದ್ಧತಿ ಬೆಳೆಯಿತು. ಜಾತ್ರೆಯ ದಿನ ಹಲವು ಓಣಿಗಳಿಂದ ಹೊರಟ ಜನರು ಗುಡಿಯ ಮುಂದೆ ನೆರೆಯುವ ಹಾಗೆ ಇದು. ಓಣಿಗಳಲ್ಲಿ ವಿರಳ, ಗುಡಿಯಲ್ಲಿ ದಟ್ಟಣೆ. ಬೆನ್ನುಹುರಿ, ಕಣ್ಣು ಮೊದಲಾದ ಕೋಮಲ ಅಂಗಗಳನ್ನು ಉಳಿಸಲು ಯಾವ ಕೋನಗಳು ಉತ್ತಮವೆಂಬುದನ್ನು ಇಂದು ಗಣಕಯಂತ್ರದ ನೆರವಿನಿಂದ ಲೆಕ್ಕ ಹಾಕುತ್ತಾರೆ. ಕ್ಯಾನ್ಸರಿಗೆ ತುತ್ತಾಗಿ 1981ರಲ್ಲಿ ತೀರಿಕೊಂಡ ನಟಿ ನರ್ಗಿಸ್ ದತ್ತರ ಸ್ಮಾರಕವಾದ ಕ್ಯಾನ್ಸರ್ ಆಸ್ಪತ್ರೆಯು ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿಯೇ ಇದೆ. ಈ ರೋಗವೆಂದೊಡನೆ ಆಸೆ ಬಿಡುವ ಕಾಲವು ಈಗಿಲ್ಲ. ಬೇಗನೆ ತೋರಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ರಾಂಟ್ಜನ್ನರ ಉಳಿತಾಯವೆಲ್ಲ ಕರಗಿತು. 1923ರ ಫೆಬ್ರುವರಿ 10ರಂದು ಮ್ಯೂನಿಕ್‌ನಲ್ಲಿ ಅವರು ನಿಧನ ಹೊಂದಿದರು. ಕಾರಣ, ಕರುಳಿನ ಕ್ಯಾನ್ಸರ್! ವಿಧಿಯ ವಿಲಾಸವಲ್ಲದೆ ಮತ್ತೇನು?

ಮುಖ್ಯಾಧ್ಯಾಪಕನಾಗಿದ್ದಾಗ ನಾನೂ ಕೆಲವು ಬಾಲಕರ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದಿದ್ದೇನೆ. ಎಲ್ಲ ಸಲವೂ ನಿಜವನ್ನು ಪೂರ್ತಿ ವಿಚಾರಿಸಿದೆನೆಂದು ಹೇಳಲಾರೆ. ಈ ಚರಿತ್ರೆಯನ್ನು ಓದುವಾಗಲೆಲ್ಲ ಅವರ ಮುಖಗಳು ಕಣ್ಣ ಮುಂದೆ ಬರುತ್ತವೆ. ಶಿಕ್ಷಕ ಬಂಧುಗಳು ಒಬ್ಬ ಹುಡುಗನನ್ನೂ ಹಗುರವಾಗಿ ಕೈಬಿಡದಿರಲಿ ಎಂಬುದೇ ಈ ಶುಭ ಸಮಯದಲ್ಲಿ ನನ್ನ ನಮ್ರ ಬಿನ್ನಹ.