ಬೆಳಕನ್ನು ಮದ್ದಾಗಿಸಿದ ನೀಲ್ಸ್ ಫಿನ್ಸೆನ್

ಪ್ರೌಢಶಾಲೆಯಲ್ಲಿ ಬೆಳಕಿನ ಪಾಠ ಮುಗಿಸುವಾಗ ಮಕ್ಕಳಿಗೆ ಹೇಳಬಹುದಾದ ಜೀವನಕಥೆಯಿದು. ಬೆಳಕು ಗುಣಪಡಿಸಬಲ್ಲದು, ಕೆಡುಕನ್ನೂ ಮಾಡಬಲ್ಲದು ಎಂಬ ಎರಡೂ ಮಾತು ಇದರಲ್ಲಿವೆ.

ನೀಲ್ಸ್ ರೈಬರ್ಗ್ ಫಿನ್ಸೆನ್ 1860ರ ಡಿಸೆಂಬರ್ 15ರಂದು ಫೆರೋ ದ್ವೀಪಗಳ ಟೋರ್ಸ್‌ಹಾವ್ನ್‌ನಲ್ಲಿ ಜನಿಸಿದರು. ಮನೆತನ ಐಸ್‌ಲ್ಯಾಂಡ್ ಮೂಲದ್ದು. ಡೆನ್ಮಾರ್ಕಿನ ಶಾಲೆಯಲ್ಲಿ ದಡ್ಡನೆನಿಸಿಕೊಂಡ ಹುಡುಗನನ್ನು ಅಲ್ಲಿಂದ ಬಿಡಿಸಿ ರೇಕ್ಯಾವಿಕ್‌ನ ಶಾಲೆಗೆ ಸೇರಿಸಿದರು. 1882ರಲ್ಲಿ ಕೋಪನ್‌ಹೇಗನ್‌ಗೆ ಬಂದು ವೈದ್ಯಕೀಯ ಓದಿ, 1890ರಲ್ಲಿ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಹೃದಯ ಮತ್ತು ಯಕೃತ್ತನ್ನು ಹಿಂಡುವ ಕಾಯಿಲೆ ಅಂಟಿಕೊಂಡಿತು. ಬಿಸಿಲು ಬಾರದ ಮನೆಯಲ್ಲಿ ಬಳಲುತ್ತಿದ್ದ ಅವರಿಗೆ ಬಿಸಿಲಿಗೆ ಹೋದಾಗ ಹಿತವೆನಿಸುತ್ತಿತ್ತು. ಚಾವಣಿಯ ಮೇಲೆ ನೆರಳು ಬಂದಂತೆಲ್ಲ ಬಿಸಿಲಿರುವ ಕಡೆಗೆ ಸರಿಯುತ್ತಿದ್ದ ಬೆಕ್ಕೊಂದನ್ನು ಕಂಡು, ಬೆಳಕು ದೇಹಕ್ಕೆ ಏನು ಮಾಡುತ್ತದೆ ಎಂದು ಯೋಚಿಸತೊಡಗಿದರು.

ಆಗ ಚರ್ಮದ ಕ್ಷಯ ಅನೇಕರ ಮುಖವನ್ನು ತಿಂದುಹಾಕುತ್ತಿತ್ತು. 1895ರಲ್ಲಿ ಫಿನ್ಸೆನ್ ಇಂಗಾಲದ ಆರ್ಕ್ ದೀಪದ ಬೆಳಕಿನಿಂದ ಇಂಥ ರೋಗಿಯೊಬ್ಬರಿಗೆ ಚಿಕಿತ್ಸೆ ಆರಂಭಿಸಿದರು. ಬೆಳಕಿನ ಜೊತೆ ಬರುವ ಶಾಖದಿಂದ ಚರ್ಮ ಸುಡಬಾರದೆಂದು ನೀರಿನ ಮೂಲಕ ಹಾಯಿಸಿ ತಂಪುಗೊಳಿಸಿದರು. ರಕ್ತವು ನೀಲಿ, ನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆಂದು ಕಿವಿಯ ಹಾಲೆಯ ಹಿಂದೆ ಛಾಯಾಚಿತ್ರದ ಕಾಗದವಿಟ್ಟು ಪರೀಕ್ಷಿಸಿ ತಿಳಿದಿದ್ದರು. ಆದ್ದರಿಂದ ಸ್ಫಟಿಕದ ಗಾಜನ್ನು ಗಾಯದ ಮೇಲೆ ಒತ್ತಿ ರಕ್ತವನ್ನು ಸರಿಸಿದ ಮೇಲೆಯೇ ಬೆಳಕು ಬಿಡುತ್ತಿದ್ದರು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತಿತ್ತು.

1896ರಲ್ಲಿ ಕೋಪನ್‌ಹೇಗನ್‌ನಲ್ಲಿ ಫಿನ್ಸೆನ್ ಬೆಳಕಿನ ಚಿಕಿತ್ಸಾ ಸಂಸ್ಥೆ ತೆರೆಯಿತು. 1903ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಅವರು ಗಾಲಿಕುರ್ಚಿಯಲ್ಲಿದ್ದರು, ಸ್ವೀಕರಿಸಲು ಹೋಗಲಾಗಲಿಲ್ಲ. ಪ್ರಶಸ್ತಿಯ ಹಣದಲ್ಲಿ ಬಹುಪಾಲನ್ನು ದಾನ ಮಾಡಿದರು. 1904ರ ಸೆಪ್ಟೆಂಬರ್ 24ರಂದು, 43ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಎಲ್ಲ ನಂಬಿಕೆಗಳೂ ಉಳಿಯಲಿಲ್ಲ. ಕೆಂಪು ಬೆಳಕಿನ ಕೋಣೆಯಲ್ಲಿಟ್ಟರೆ ಸಿಡುಬಿನ ಕಲೆ ಕಡಿಮೆಯಾಗುತ್ತದೆ ಎಂಬ ಮಾತನ್ನು ಮುಂದೆ ವೈದ್ಯರು ಒಪ್ಪಲಿಲ್ಲ. ನೇರಳಾತೀತ ಕಿರಣ ಅತಿಯಾದರೆ ಚರ್ಮದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದೂ ನಂತರ ತಿಳಿಯಿತು. ಇದನ್ನೂ ಮಕ್ಕಳಿಗೆ ಮರೆಮಾಚದೆ ಹೇಳಬೇಕು.

ಆದರೆ ದಾರಿ ಮುಂದುವರಿಯಿತು. 1903ರಲ್ಲೇ ಮ್ಯೂನಿಕ್‌ನಲ್ಲಿ ಫಾನ್ ಟಾಪೈನರ್ ಮತ್ತು ಯೆಸಿಯೊನೆಕ್ ಎಂಬ ವೈದ್ಯರು ಚರ್ಮದ ಗಡ್ಡೆಗೆ ಇಯೋಸಿನ್ ಬಣ್ಣ ಹಚ್ಚಿ ಬೆಳಕು ಬಿಟ್ಟು ನೋಡಿದರು. ಇಂದಿನ ಲೇಸರ್ ಚಿಕಿತ್ಸೆಯ ತತ್ವವೂ ಇದೇ. ಬೆಳಕಿಗೆ ಸ್ಪಂದಿಸುವ ಔಷಧಿಯನ್ನು ರೋಗಿಗೆ ಕೊಟ್ಟು, ಗಡ್ಡೆಯ ಮೇಲೆ ಕೆಂಪು ಲೇಸರ್ ಬಿಡುತ್ತಾರೆ; ಆಗ ಹುಟ್ಟುವ ಚುರುಕಾದ ಆಕ್ಸಿಜನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಅದಕ್ಕೂ ಮಿತಿಯಿದೆ. ಬೆಳಕು ಸುಮಾರು 1 ಸೆಂಟಿಮೀಟರಿನಷ್ಟು ಮಾತ್ರ ಒಳಹೋಗುವುದರಿಂದ ಆಳದ, ದೊಡ್ಡ ಗಡ್ಡೆಗಳಿಗೆ ಇದು ಸಾಲದು. ಪೋರ್ಫಿಮರ್ ಎಂಬ ಔಷಧಿ ಪಡೆದವರು ಕನಿಷ್ಠ 30 ದಿನ ಬಿಸಿಲಿನಿಂದ ಕಣ್ಣು, ಚರ್ಮಗಳನ್ನು ಕಾಪಾಡಿಕೊಳ್ಳಬೇಕು. ಇಲ್ಲದಿದ್ದರೆ ಚರ್ಮ ಸುಡುತ್ತದೆ. ಫಿನ್ಸೆನ್ ಹೆಸರಿನ ಕೇಂದ್ರದಲ್ಲಿ ಮುಂದೆ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ನಡೆಯಿತು.

ತರಗತಿಗೆ: ಕತ್ತಲೆ ಕೋಣೆಯಲ್ಲಿ ಸಾಮಾನ್ಯ ಟಾರ್ಚನ್ನು ಬೆರಳ ತುದಿಗೆ ಒತ್ತಿಹಿಡಿಯಲು ಹೇಳಿ. ಆಚೆ ಬದಿಯಲ್ಲಿ ಕೆಂಪು ಬಣ್ಣ ಮಾತ್ರ ಏಕೆ ಕಾಣುತ್ತದೆ, ಉಳಿದ ಬಣ್ಣಗಳು ಎಲ್ಲಿ ಹೋದವು ಎಂದು ಕೇಳಿ. ಚಿಕಿತ್ಸೆಗೆ ಕೆಂಪು ಲೇಸರನ್ನು ಆರಿಸಿದ್ದೇಕೆಂದು ಮಕ್ಕಳೇ ಊಹಿಸಲಿ. ಈ ಚಟುವಟಿಕೆಗೆ ಲೇಸರ್ ಪಾಯಿಂಟರ್ ಬಳಸಬಾರದು; ಅದು ಕಣ್ಣಿಗೆ ಅಪಾಯ.