ಎಲೈಜಾ ಮೆಕಾಯ್: ಓಡುವ ಯಂತ್ರಕ್ಕೆ ಎಣ್ಣೆ ಉಣಿಸಿದವರ ಬಗ್ಗೆ ಹಬ್ಬಿದ ಕಥೆಗಳಲ್ಲಿ ನಿಜವೆಷ್ಟು?

ಮರ ಕೊಯ್ಯುವ ಚೈನ್‌ಸಾ ನೀವು ನೋಡಿರಬಹುದು. ಅದರ ಉದ್ದನೆಯ ಬಾರ್‌ನ ಅಂಚಿನ ಸೀಳಿನಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಲೋಹಕ್ಕೆ ಲೋಹ ಉಜ್ಜುವ ಈ ಜಾಗಕ್ಕೆ ಎಣ್ಣೆ ಸಿಗದಿದ್ದರೆ ಬಾರ್ ಬೇಗನೆ ಕಾದು ಸವೆಯುತ್ತದೆ. ಅದಕ್ಕೇ ಯಂತ್ರದೊಳಗಿನ ಪುಟ್ಟ ಪಂಪು ತಾನಾಗಿ ಎಣ್ಣೆ ಬಿಡುತ್ತಿರುತ್ತದೆ.

ಈ ಪಂಪನ್ನು ಮೆಕಾಯ್ ಮಾಡಲಿಲ್ಲ. ಆದರೆ ಯಂತ್ರ ನಿಲ್ಲಿಸದೆ ಎಣ್ಣೆ ಉಣಿಸುವ ಕೆಲಸಕ್ಕೆ ಬದುಕಿನ ಬಹುಪಾಲು ಮೀಸಲಿಟ್ಟವರು ಅವರು. ಅವರ ಬಗ್ಗೆ ಎರಡು ಕಥೆಗಳು ಬಹಳ ಕಾಲದಿಂದ ಓಡಾಡುತ್ತಿವೆ. ಮೊದಲು ಅವರ ಬದುಕು ನೋಡೋಣ.

ಎಂಜಿನಿಯರ್‌ಗೆ ಸಿಕ್ಕಿದ್ದು ಕಲ್ಲಿದ್ದಲಿನ ಕೆಲಸ

ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದ ದಂಪತಿ ತಪ್ಪಿಸಿಕೊಂಡು ಕೆನಡಾ ಸೇರಿದ್ದರು. ಅವರ ಮಗ ಎಲೈಜಾ 1844ರಲ್ಲಿ ಒಂಟಾರಿಯೊದ ಕೋಲ್ಚೆಸ್ಟರ್‌ನಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ಸ್ಕಾಟ್ಲೆಂಡಿನ ಎಡಿನ್‌ಬರಾಕ್ಕೆ ಹೋಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ತರಬೇತಿ ಪಡೆದರು. ನಂತರ ಕುಟುಂಬ ನೆಲೆಸಿದ್ದ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಬಂದರು.

ಅಲ್ಲಿ ಕಪ್ಪುವರ್ಣೀಯರಿಗೆ ಎಂಜಿನಿಯರ್ ಹುದ್ದೆ ಕೊಡುವವರಿರಲಿಲ್ಲ. ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಅವರಿಗೆ ಸಿಕ್ಕಿದ್ದು ಬಾಯ್ಲರ್‌ಗೆ ಇಂಧನ ತುಂಬುವ, ಚಲಿಸುವ ಭಾಗಗಳಿಗೆ ಎಣ್ಣೆ ಹಾಕುವ ಕೆಲಸ. ಆಗ ಎಣ್ಣೆ ಹಾಕಲು ರೈಲನ್ನು ಮತ್ತೆ ಮತ್ತೆ ನಿಲ್ಲಿಸಬೇಕಿತ್ತು. ಮೆಕಾಯ್ ಈ ತೊಂದರೆಯನ್ನೇ ಹಿಡಿದುಕೊಂಡರು. ಎಂಜಿನ್ನಿನ ಉಗಿಯ ಒತ್ತಡದಿಂದಲೇ ಸಿಲಿಂಡರ್‌ಗೆ ಎಣ್ಣೆ ಹೋಗುವಂಥ ಸಾಧನ ರೂಪಿಸಿ, 1872ರಲ್ಲಿ ಪೇಟೆಂಟ್ ಪಡೆದರು.

ಮುಂದೆ ರೈಲು ಎಂಜಿನ್ನುಗಳಲ್ಲಿ ಉಗಿಯ ಶಾಖ ಹೆಚ್ಚಿತು, ಬರೀ ಎಣ್ಣೆ ಸಾಲದಾಯಿತು. ಎಣ್ಣೆಯ ಜತೆ ಗ್ರಾಫೈಟ್ ಪುಡಿಯನ್ನೂ ಉಣಿಸುವ ಸಾಧನಕ್ಕೆ ಅವರು 1915ರಲ್ಲಿ ಪೇಟೆಂಟ್ ಪಡೆದಾಗ ವಯಸ್ಸು 70 ದಾಟಿತ್ತು. ಅವರ ಹೆಸರಿನಲ್ಲಿ ಒಟ್ಟು 50ಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ಆದರೂ ಸ್ವಂತ ಹೆಸರಿನ ಕಂಪನಿ ಆರಂಭವಾಗಿದ್ದು 1920ರಲ್ಲಿ. ಎರಡೇ ವರ್ಷಕ್ಕೆ ವಾಹನ ಅಪಘಾತದಲ್ಲಿ ಪತಿ, ಪತ್ನಿ ಇಬ್ಬರಿಗೂ ಬಲವಾದ ಪೆಟ್ಟಾಯಿತು. ಪತ್ನಿ ಮೇರಿ ಉಳಿಯಲಿಲ್ಲ. ಮೆಕಾಯ್ 1929ರಲ್ಲಿ ಡೆಟ್ರಾಯಿಟ್ ಬಳಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಕಥೆ 1: ತಾನಾಗಿ ಎಣ್ಣೆ ಹಾಕುವ ಸಾಧನ ಮೊದಲು ಮಾಡಿದ್ದು ಅವರೇ?

ಅಲ್ಲ. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1860ರಲ್ಲೇ ಇಂಥದ್ದೊಂದನ್ನು ರೂಪಿಸಿದ್ದರು. ಮೆಕಾಯ್ ಮಾಡಿದ್ದು ಸುಧಾರಣೆ, ಅದೂ ದಶಕಗಳ ಕಾಲ ಬಿಡದೆ.

ಕಥೆ 2: ಅಸಲಿ ಮಾಲಿಗೆ ಇಂಗ್ಲಿಷಿನಲ್ಲಿ ಹೇಳುವ ರಿಯಲ್ ಮೆಕಾಯ್ ಎಂಬ ಮಾತು ಅವರಿಂದ ಬಂತೇ?

ಅವರ ಸಾಧನವೇ ಬೇಕೆಂದು ಎಂಜಿನಿಯರ್‌ಗಳು ಹೆಸರು ಹಿಡಿದು ಕೇಳುತ್ತಿದ್ದರಂತೆ, ಅದರಿಂದ ಈ ಮಾತು ಹುಟ್ಟಿತಂತೆ. ಆದರೆ ಸ್ಕಾಟ್ಲೆಂಡಿನಲ್ಲಿ ಇದೇ ಮಾತು ರಿಯಲ್ ಮೆಕೆ ಎಂಬ ರೂಪದಲ್ಲಿ 1856ರಷ್ಟು ಹಿಂದೆಯೇ ಅಚ್ಚಾಗಿತ್ತು. ಆಗ ಮೆಕಾಯ್ ಇನ್ನೂ ಹುಡುಗ. ಆದ್ದರಿಂದ ಮಾತಿನ ಮೂಲ ಅವರಲ್ಲ.

ತಾನಾಗಿ ಎಣ್ಣೆ ಬರುತ್ತದೆ ಎಂದು ಸುಮ್ಮನಿರಬೇಡಿ

ಚೈನ್‌ಸಾ ಬಳಸುವವರು ಇವನ್ನು ನೆನಪಿಡಿ:

- ಪ್ರತಿ ಸಲ ಪೆಟ್ರೋಲ್ ತುಂಬುವಾಗ ಬಾರ್ ಎಣ್ಣೆಯನ್ನೂ ತುಂಬಿ.
- ಬಾರ್ ತುದಿಯನ್ನು ತಿಳಿಬಣ್ಣದ ಹಲಗೆಯತ್ತ, ಅದಕ್ಕೆ ತಾಗದಂತೆ ಹಿಡಿದು ಎಂಜಿನ್ ಏರಿಸಿ. ಹಲಗೆಯ ಮೇಲೆ ಎಣ್ಣೆಯ ಗೆರೆ ಬೀಳದಿದ್ದರೆ ಎಣ್ಣೆ ಬರುತ್ತಿಲ್ಲ ಎಂದರ್ಥ.
- ಎಂಜಿನ್ ಆರಿಸಿ, ಬಾರ್ ಬಿಚ್ಚಿ, ಸೀಳಿನಲ್ಲೂ ಎಣ್ಣೆ ಬರುವ ತೂತಿನಲ್ಲೂ ಕಟ್ಟಿದ ಮರದ ಹೊಟ್ಟು ತೆಗೆಯಿರಿ. ತಿರುಗಿ ಹಾಕುವಾಗ ಬಾರ್ ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.
- ಬಾರ್ ತುದಿಯ ಹಲ್ಲುಚಕ್ರಕ್ಕೆ ಗ್ರೀಸ್ ತೂತು ಇದ್ದರೆ ಗ್ರೀಸ್ ಹಾಕಿ. ಕ್ಲಚ್ ಡ್ರಮ್‌ನ ಬೇರಿಂಗ್‌ಗೂ ಆಗಾಗ ಸ್ವಲ್ಪ ಗ್ರೀಸ್ ಬೇಕು.
- ಬಳಸಿ ತೆಗೆದ ಎಂಜಿನ್ ಆಯಿಲ್ ಸಾಕು ಎಂಬ ಮಾತು ನಂಬಬೇಡಿ. ಅದರಲ್ಲಿನ ಲೋಹದ ಕಣಗಳು ಪಂಪನ್ನೂ ಬಾರನ್ನೂ ಸವೆಸುತ್ತವೆ. ಚರ್ಮಕ್ಕೂ ಅದು ಒಳ್ಳೆಯದಲ್ಲ. ಬಾರ್ ಎಣ್ಣೆ ಅಂಟಂಟಾಗಿ ಇರುವುದರಿಂದ ವೇಗದಲ್ಲೂ ಚೈನಿಗೆ ಹಿಡಿದುಕೊಳ್ಳುತ್ತದೆ.

ಮೆಕಾಯ್ ಅವರನ್ನು 2001ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಸೇರಿಸಲಾಯಿತು. 2012ರಲ್ಲಿ ಡೆಟ್ರಾಯಿಟ್‌ನ ಪೇಟೆಂಟ್ ಕಚೇರಿಗೂ ಅವರ ಹೆಸರಿಡಲಾಯಿತು. ಗುಲಾಮಗಿರಿಯಿಂದ ಪಾರಾದವರ ಮಗ, ಓದಿಗೆ ತಕ್ಕ ಕೆಲಸ ಸಿಗದಿದ್ದರೂ, ಸಿಕ್ಕ ಕೆಲಸದೊಳಗಿನ ತೊಂದರೆಯನ್ನೇ ಬಗೆಹರಿಸಿದರು. ಇಷ್ಟು ನಿಜ. ಮುಂದೆ ಕಳಿಸುವುದಾದರೆ ಇದನ್ನೇ ಕಳಿಸಿ ಎಂಬುದು ನಮ್ಮ ಕೋರಿಕೆ.